ಬ್ಯಾಟರಿ ಕ್ಯಾಮೆರಾಕ್ಕೆ ನ್ಯೂರೋಮಾರ್ಫಿಕ್ ಚಿಪ್: ಯಾರ ಜೊತೆ ಕೈಜೋಡಿಸಬೇಕು, ಯಾವಾಗ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಆರು ಜನರ ಎಲೆಕ್ಟ್ರಾನಿಕ್ಸ್ ಡಿಸೈನ್ ಕಂಪನಿ. ಕಾಡಂಚಿನ ಕಾಫಿ ತೋಟಕ್ಕೆ ಆನೆ, ಕಾಡುಹಂದಿ ನುಗ್ಗಿದರೆ ಮಾಲೀಕರ ಮೊಬೈಲಿಗೆ ಸುದ್ದಿ ಮುಟ್ಟಿಸುವ ಕ್ಯಾಮೆರಾ ಮಾಡಬೇಕೆಂದಿದ್ದೇವೆ. ಒಮ್ಮೆ ಬ್ಯಾಟರಿ ಹಾಕಿದರೆ ಆರು ತಿಂಗಳು ನಡೆಯಬೇಕು. ಮಿದುಳಿನ ನರಕೋಶಗಳಂತೆ ಸಂಕೇತ ಬಂದಾಗ ಮಾತ್ರ ಕೆಲಸ ಮಾಡುವ ನ್ಯೂರೋಮಾರ್ಫಿಕ್ ಚಿಪ್ಪೂ, ಬೆಳಕು ಬದಲಾದಾಗ ಮಾತ್ರ ಸಂಕೇತ ಕೊಡುವ ಇವೆಂಟ್ ಕ್ಯಾಮೆರಾ ಸೆನ್ಸರೂ ಸೇರಿದರೆ ಇದು ಆಗುತ್ತದೆ ಎಂದು ಓದಿದ್ದೇವೆ. ಇಂಟೆಲ್, ಪ್ರೊಫೆಸೀ, ಬ್ರೈನ್‌ಚಿಪ್‌ನಂಥ ಕಂಪನಿಗಳ ಜೊತೆ, ಅಥವಾ ಇಲ್ಲೇ ಐಐಎಸ್‌ಸಿ ಜೊತೆ, ನಮ್ಮಂಥವರು ಯಾವ ಬಗೆಯ ಸಹಭಾಗಿತ್ವ ಮಾಡಿಕೊಳ್ಳಬಹುದು?

ಉತ್ತರ: ಈ ಉಪಕರಣಕ್ಕೆ ನ್ಯೂರೋಮಾರ್ಫಿಕ್ ಚಿಪ್ ಬೇಕಿಲ್ಲ. ಕಡಿಮೆ ವಿದ್ಯುತ್ತಿನ ಸಾಧಾರಣ ಇಮೇಜ್ ಸೆನ್ಸರ್, ಮೈಬಿಸಿಯ ಚಲನೆ ಗುರುತಿಸುವ ಒಂದು ಪಿಐಆರ್ ಸೆನ್ಸರ್, ಎಐ ಲೆಕ್ಕ ಮಾಡುವ ಪುಟ್ಟ ಎನ್‌ಪಿಯು ಇರುವ ಮೈಕ್ರೋಕಂಟ್ರೋಲರ್ ಸಾಕು. ಸಹಭಾಗಿತ್ವ ಬೇಕಾಗುವುದು ನಿಮ್ಮ ಎರಡನೇ ಉತ್ಪನ್ನಕ್ಕೆ. ಮೊದಲನೆಯದರಲ್ಲಿ ನೀವು ಕೂಡಿಸುವ ಅಳತೆ ಮತ್ತು ಡೇಟಾ ಕೈಯಲ್ಲಿದ್ದರೆ ಮಾತ್ರ ಎದುರಿನವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ. ಮೊದಲು ಲೆಕ್ಕ ನೋಡೋಣ, ಒಪ್ಪಂದದ ಮಾತು ಆಮೇಲೆ.

ಬ್ಯಾಟರಿಯಿಂದ ಶುರು ಮಾಡಿ. ಒಂದು ಲಿಥಿಯಂ ಎಎ ಸೆಲ್‌ನಲ್ಲಿ 1.5 ವೋಲ್ಟ್, ಸುಮಾರು 3 ಆಂಪಿಯರ್-ಗಂಟೆ. ನಾಲ್ಕು ಸೆಲ್ ಹಾಕಿದರೆ 18 ವ್ಯಾಟ್-ಗಂಟೆ. ಅದನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ 100 ಮಿಲಿವ್ಯಾಟ್-ಗಂಟೆ ಸಿಗುತ್ತದೆ. ಸರಾಸರಿ 4 ಮಿಲಿವ್ಯಾಟಿಗಿಂತ ತುಸು ಹೆಚ್ಚು. ರೆಗ್ಯುಲೇಟರ್ ನಷ್ಟ ಕಳೆದರೆ ಇನ್ನೂ ಕಡಿಮೆ. ಸೆನ್ಸರ್, ಪ್ರೊಸೆಸರ್, ದೀಪ, ರೇಡಿಯೊ ಎಲ್ಲವೂ ಇಷ್ಟರಲ್ಲೇ ಬದುಕಬೇಕು.

ಪ್ರೊಫೆಸೀ 2023ರಲ್ಲಿ ತಂದ ಜೆನ್‌ಎಕ್ಸ್320 ಎಂಬ ಇವೆಂಟ್ ಸೆನ್ಸರ್ ತನ್ನ ಅತಿ ಕಡಿಮೆ ವಿದ್ಯುತ್ತಿನ ಸ್ಥಿತಿಯಲ್ಲಿ 36 ಮೈಕ್ರೋವ್ಯಾಟಿಗೆ ಇಳಿಯುತ್ತದೆ. ದಿನಕ್ಕೆ ಒಂದು ಮಿಲಿವ್ಯಾಟ್-ಗಂಟೆಯೂ ಬೇಡ. ಇದನ್ನು ನೋಡಿದವರಿಗೆ ಆಸೆ ಹುಟ್ಟುವುದು ಸಹಜ. ಆದರೆ ನಿಮ್ಮ ಪ್ರಾಣಿಗಳು ಬರುವುದು ರಾತ್ರಿ. ಇವೆಂಟ್ ಸೆನ್ಸರ್ ಕತ್ತಲಲ್ಲಿ ಏನನ್ನೂ ಹುಟ್ಟಿಸಿ ಕೊಡುವುದಿಲ್ಲ. ಅದರ ಪ್ರತಿ ಪಿಕ್ಸೆಲ್ ತನ್ನ ಮೇಲೆ ಬೀಳುವ ಬೆಳಕು ಇಂತಿಷ್ಟು ಪಾಲು ಹೆಚ್ಚಾದಾಗ ಅಥವಾ ಕಡಿಮೆಯಾದಾಗ ಮಾತ್ರ ಒಂದು ಇವೆಂಟ್ ಕಳಿಸುತ್ತದೆ: ಎಲ್ಲಿ, ಯಾವಾಗ, ಏರಿತೋ ಇಳಿಯಿತೋ ಎಂಬಷ್ಟೇ. ಬೆಳಕು ಕಡಿಮೆಯಾದಷ್ಟೂ ಪಿಕ್ಸೆಲ್ ನಿಧಾನವಾಗುತ್ತದೆ, ಗದ್ದಲ (ಸುಳ್ಳು ಇವೆಂಟ್) ಹೆಚ್ಚುತ್ತದೆ. ಹಾಗಾಗಿ ಇನ್‌ಫ್ರಾರೆಡ್ ಎಲ್‌ಇಡಿ ಬೇಕು. ಚಲನೆ ಯಾವ ಕ್ಷಣ ಆಗುತ್ತದೆಂದು ಗೊತ್ತಿಲ್ಲದ್ದರಿಂದ ಆ ಎಲ್‌ಇಡಿ ರಾತ್ರಿಯಿಡೀ ಉರಿಯಬೇಕು. ಒಂದು ವ್ಯಾಟಿನ ಎಲ್‌ಇಡಿ, 12 ಗಂಟೆ: 12 ವ್ಯಾಟ್-ಗಂಟೆ. ನಿಮ್ಮ ಆರು ತಿಂಗಳ ಬ್ಯಾಟರಿ ಒಂದೂವರೆ ರಾತ್ರಿಗೆ ಮುಗಿಯಿತು. 36 ಮೈಕ್ರೋವ್ಯಾಟ್ ಉಳಿಸಿ ಏನು ಬಂತು?

ಇಡೀ ಚಿತ್ರ ತೆಗೆಯುವ ಸಾಧಾರಣ ಫ್ರೇಮ್ ಕ್ಯಾಮೆರಾಕ್ಕೆ ಈ ತೊಂದರೆ ಇಲ್ಲ. ಪಿಐಆರ್ ಎಚ್ಚರಿಸಿದಾಗ ಪ್ರತಿ ಫ್ರೇಮಿಗೆ 20 ಮಿಲಿಸೆಕೆಂಡ್‌ನಂತೆ ದೀಪ ಮಿನುಗಿಸಿದರೆ ಆಯಿತು. ಒಂದು ಎಚ್ಚರಿಕೆಗೆ ಹತ್ತು ಫ್ರೇಮ್, ರಾತ್ರಿಗೆ ಐವತ್ತು ಎಚ್ಚರಿಕೆ ಎಂದರೆ ದೀಪ ಉರಿಯುವುದು ಒಟ್ಟು ಹತ್ತು ಸೆಕೆಂಡ್. ಅಂದರೆ 3 ಮಿಲಿವ್ಯಾಟ್-ಗಂಟೆಗೂ ಕಡಿಮೆ. ಪ್ರತಿ ಎಚ್ಚರಿಕೆಗೆ ಸೆನ್ಸರೂ ಪ್ರೊಸೆಸರೂ ಸೇರಿ 100 ಮಿಲಿವ್ಯಾಟ್‌ನಂತೆ ಎರಡು ಸೆಕೆಂಡ್ ದುಡಿದರೆ ಅದೂ ಅಷ್ಟೇ. ನಿದ್ರೆಯ ಬಳಕೆ ಒಟ್ಟು 100 ಮೈಕ್ರೋವ್ಯಾಟಿನೊಳಗೆ ನಿಂತರೆ ದಿನಕ್ಕೆ 2.4. ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುವ ಲೋರಾ ರೇಡಿಯೊದ ಸಂದೇಶಗಳಿಗೆ ಇನ್ನೊಂದೆರಡು. ಎಲ್ಲ ಕೂಡಿ ಸುಮಾರು ಹತ್ತು. ನಿಮಗಿರುವ ನೂರರಲ್ಲಿ ಹತ್ತನೇ ಒಂದು ಪಾಲು. ಉಳಿದದ್ದು ಗಾಳಿ ದಿನದ ಸುಳ್ಳು ಎಚ್ಚರಿಕೆಗೆ, ಹಳತಾದ ಸೆಲ್‌ಗೆ, ನೀವು ಈಗ ಊಹಿಸಿರದ ಸೋರಿಕೆಗೆ.

ಗಾಳಿಯದೂ ಒಂದು ಕಥೆಯಿದೆ. ಜೆನ್‌ಎಕ್ಸ್320ರಲ್ಲಿ 320×320, ಅಂದರೆ 1,02,400 ಪಿಕ್ಸೆಲ್. ಎದುರಿಗೆ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್ ನೆರಳು. ಎಲೆ ಅಲ್ಲಾಡಿ ಪ್ರತಿ ಪಿಕ್ಸೆಲ್ ಸೆಕೆಂಡಿಗೆ ಸರಾಸರಿ ಹತ್ತು ಇವೆಂಟ್ ಕೊಟ್ಟರೆ ಸೆಕೆಂಡಿಗೆ ಹತ್ತು ಲಕ್ಷ ಇವೆಂಟ್. ಪ್ರೊಫೆಸೀಯ ಇವಿಟಿ 2.0 ಡೇಟಾ ರೂಪದಲ್ಲಿ ಇವೆಂಟಿಗೆ 32 ಬಿಟ್, ಒಟ್ಟು ಸೆಕೆಂಡಿಗೆ 4 ಮೆಗಾಬೈಟ್. 320×240ರ ಸಾಧಾರಣ ಸೆನ್ಸರ್ ಸೆಕೆಂಡಿಗೆ ಎರಡು ಫ್ರೇಮ್ ಕೊಟ್ಟರೆ 1,53,600 ಬೈಟ್ ಅಷ್ಟೇ. ‘ಬದಲಾದದ್ದನ್ನು ಮಾತ್ರ ಕಳಿಸುತ್ತೇನೆ’ ಎನ್ನುವ ಸೆನ್ಸರ್, ಎಲ್ಲವೂ ಬದಲಾಗುತ್ತಿರುವ ಜಾಗದಲ್ಲಿ ಇಪ್ಪತ್ತೈದು ಪಟ್ಟು ಹೆಚ್ಚು ಕಳಿಸುತ್ತದೆ. ಮೈಕ್ರೋಕಂಟ್ರೋಲರಿಗೆ ನಿದ್ದೆ ಇಲ್ಲ. ಸೆನ್ಸರಿನೊಳಗಿನ ಫಿಲ್ಟರ್, ಇವೆಂಟ್ ದರದ ಮಿತಿ ಇವುಗಳಿಂದ ಹರಿವನ್ನು ತಗ್ಗಿಸಬಹುದು, ನಿಜ. ಆದರೆ ದರದ ಮಿತಿಗೆ ಎಲೆ ಯಾವುದು, ಹಂದಿ ಯಾವುದು ಎಂದು ತಿಳಿಯದು; ಎರಡನ್ನೂ ಒಟ್ಟಿಗೆ ಕತ್ತರಿಸುತ್ತದೆ.

ಇನ್ನೂ ಮೂರು ಕಡೆ ಕೈ ಸುಟ್ಟುಕೊಳ್ಳುವವರಿದ್ದಾರೆ. ಎಲ್‌ಇಡಿಯನ್ನು ಪಿಡಬ್ಲ್ಯುಎಂನಿಂದ, ಅಂದರೆ ವೇಗವಾಗಿ ಆನ್-ಆಫ್ ಮಾಡಿ, ಮಂದ ಮಾಡಿದರೆ ಇವೆಂಟ್ ಸೆನ್ಸರಿಗೆ ಪ್ರತಿ ಪಲ್ಸೂ ಹೊಸ ಬದಲಾವಣೆ, ಹೀಗಾಗಿ ಇಡೀ ಚಿತ್ರವೇ ಇವೆಂಟಿನಿಂದ ತುಂಬುತ್ತದೆ. ಸ್ಥಿರ ಡಿಸಿ ಕರೆಂಟೇ ಕೊಡಬೇಕು. ಮನೆಯ ಅಥವಾ ಕಾರ್ಖಾನೆಯ ದೀಪ ನೋಟದೊಳಗೆ ಬಂದರೆ ನಮ್ಮ 50 ಹರ್ಟ್ಸ್ ಕರೆಂಟಿನಿಂದಾಗಿ 100 ಹರ್ಟ್ಸ್ ಮಿನುಗು ಸಿಗುತ್ತದೆ. ಸೆನ್ಸರಿನಲ್ಲಿ ಆಂಟಿ-ಫ್ಲಿಕರ್ ಫಿಲ್ಟರ್ ಇದ್ದರೆ ಅದನ್ನು ಈ ಆವರ್ತನಕ್ಕೆ ಹೊಂದಿಸಿ. ಮೂರನೆಯದು ಬಿಸಿ: ಮುಚ್ಚಿದ ಡಬ್ಬಿ ಬಿಸಿಲಿಗೆ ಕಾದಾಗ ಪಿಕ್ಸೆಲ್ ಸರ್ಕ್ಯೂಟಿನ ಸೋರಿಕೆ ಹೆಚ್ಚಿ, ಏನೂ ಅಲ್ಲಾಡದಿದ್ದರೂ ‘ಬೆಳಕು ಏರಿತು’ ಎಂಬ ಇವೆಂಟ್‌ಗಳು ಬರತೊಡಗುತ್ತವೆ. 25 ಡಿಗ್ರಿಯ ಲ್ಯಾಬಿನಲ್ಲಿ ಇದು ಕಾಣದು.

ಹಾಗಾದರೆ ಮೊದಲ ಉತ್ಪನ್ನ ಹೇಗಿರಬೇಕು? ಸೆನ್ಸರಿಗೆ ಹೈಮ್ಯಾಕ್ಸ್‌ನ ಎಚ್‌ಎಂ01ಬಿ0 ಒಳ್ಳೆಯ ಆರಂಭ. ಕ್ಯೂವಿಜಿಎ (320×240), ಸೆಕೆಂಡಿಗೆ 30 ಫ್ರೇಮಿಗೆ 2 ಮಿಲಿವ್ಯಾಟಿನೊಳಗೆ. ಚಲನೆ ಗುರುತಿಸಿ ಪ್ರೊಸೆಸರನ್ನು ಎಬ್ಬಿಸುವ ಇಂಟರಪ್ಟ್ ಕೊಡುವ ಸರ್ಕ್ಯೂಟ್ ಒಳಗೇ ಇದೆ. ವಿಜಿಎ (640×480) ಬೇಕಿದ್ದರೆ ಅದೇ ಕುಟುಂಬದ ಎಚ್‌ಎಂ0360. ಎರಡರಲ್ಲೂ ಮೋನೋಕ್ರೋಮ್ ತೆಗೆದುಕೊಳ್ಳಿ, ಲೆನ್ಸಿನಲ್ಲಿ ಐಆರ್-ಕಟ್ ಫಿಲ್ಟರ್ ಇಲ್ಲದಿರುವುದನ್ನು ಖಚಿತಪಡಿಸಿಕೊಳ್ಳಿ. ಬಣ್ಣದ ಮಾಡ್ಯೂಲ್ ತರಿಸಿಕೊಂಡು ರಾತ್ರಿ ಯಾಕೆ ಕಪ್ಪು ಎಂದು ತಲೆ ಕೆರೆದುಕೊಳ್ಳುವುದು ಮಾಮೂಲು. ಎಲ್‌ಇಡಿ 850 ನ್ಯಾನೋಮೀಟರ್‌ದಾದರೆ ಮಂದ ಕೆಂಪು ಕಾಣುತ್ತದೆ. 940 ಕಾಣದು, ಆದರೆ ಸೆನ್ಸರಿನ ಸ್ಪಂದನವೂ ಅಲ್ಲಿ ಕಡಿಮೆ, ದೀಪ ಹೆಚ್ಚು ಬೇಕು. ಪ್ರೊಸೆಸರಿಗೆ ಹೈಮ್ಯಾಕ್ಸ್‌ನದೇ ವೈಸ್‌ಐ2, ಅಥವಾ ಅಂಥದೇ ಕಾರ್ಟೆಕ್ಸ್-ಎಂ55 ಜೊತೆ ಎಥೋಸ್-ಯು55 ಎನ್‌ಪಿಯು ಇರುವ ಚಿಪ್. ಇವು ಯಾವುವೂ ನ್ಯೂರೋಮಾರ್ಫಿಕ್ ಅಲ್ಲ, ಸಾದಾ ಡಿಜಿಟಲ್ ಗುಣಾಕಾರ ಯಂತ್ರಗಳು. ಡೆವಲಪ್‌ಮೆಂಟ್ ಬೋರ್ಡ್ ಅಂಗಡಿಯಲ್ಲಿ ಸಿಗುತ್ತವೆ, ಯಾರ ಸಹಿಯೂ ಬೇಕಿಲ್ಲ.

ರೇಡಿಯೊ ವಿಷಯದಲ್ಲಿ ಒಂದು ಮಾತು. ಸದಾ ನೆಟ್‌ವರ್ಕ್ ಹಿಡಿದು ಕೂತ 4ಜಿ ಮಾಡೆಮ್ ಒಂದೇ ನಿಮ್ಮ 4 ಮಿಲಿವ್ಯಾಟನ್ನು ನುಂಗಿಬಿಡುತ್ತದೆ. ತೋಟದಲ್ಲಿ 865 ಮೆಗಾಹರ್ಟ್ಸ್‌ನ ಲೋರಾ, ಮನೆಯಲ್ಲಿ ಕರೆಂಟಿಗೆ ಹಾಕಿದ ಗೇಟ್‌ವೇಗೆ 4ಜಿ. ಲೋರಾದಲ್ಲಿ ಫೋಟೊ ಹೋಗದು. ‘ಆನೆ, ಇಷ್ಟು ಖಚಿತ, ಇಂಥ ಕ್ಯಾಮೆರಾ’ ಎಂಬ ಹತ್ತು ಹನ್ನೆರಡು ಬೈಟ್ ಹೋಗುತ್ತದೆ. ಚಿತ್ರಗಳನ್ನು ಫ್ಲ್ಯಾಶ್‌ನಲ್ಲೇ ಇಟ್ಟುಕೊಂಡು, ಬ್ಯಾಟರಿ ಬದಲಿಸಲು ಹೋದಾಗ ತನ್ನಿ. ಪಿಐಆರ್‌ಗೂ ತನ್ನ ದೌರ್ಬಲ್ಯವಿದೆ: ಬೇಸಿಗೆ ಮಧ್ಯಾಹ್ನ ಹಿನ್ನೆಲೆಯ ಬಿಸಿಯೂ ಪ್ರಾಣಿಯ ಮೈಬಿಸಿಯೂ ಒಂದಾದಾಗ ಅದಕ್ಕೆ ಏನೂ ತಿಳಿಯದು. ಆ ನಾಲ್ಕು ಗಂಟೆ ಮಾತ್ರ ಸೆನ್ಸರಿನ ಸ್ವಂತ ಚಲನೆ ಪತ್ತೆಯನ್ನು ಚಾಲೂ ಇಡಿ. 8 ಮಿಲಿವ್ಯಾಟ್-ಗಂಟೆಯಲ್ಲಿ ಮುಗಿಯುತ್ತದೆ. ಜೇಡ ಮಾತ್ರ ಎಲ್ಲರಿಗೂ ಸಮಾನ ಶತ್ರು. ಲೆನ್ಸಿನ ಮುಂದೆ ಬಲೆ ಕಟ್ಟಿದರೆ ಎಲ್‌ಇಡಿ ಬೆಳಕು ಅದಕ್ಕೇ ಬಡಿದು ಚಿತ್ರ ಬೆಳ್ಳಗಾಗುತ್ತದೆ. ದೀಪವನ್ನು ಲೆನ್ಸಿನಿಂದ ದೂರವಿಡಿ.

ಈಗ ನ್ಯೂರೋಮಾರ್ಫಿಕ್ ಕಂಪನಿಗಳ ವಿಚಾರ. ‘ಸಹಭಾಗಿತ್ವ’ ಎಂಬ ಒಂದೇ ಪದದಡಿ ತೀರಾ ಬೇರೆಬೇರೆ ವ್ಯವಹಾರಗಳು ನಡೆಯುತ್ತವೆ. ನಿಮಗೆ ಯಾವುದು ತೆರೆದಿದೆ, ಯಾವುದು ಇಲ್ಲ ಎಂದು ಮೊದಲೇ ತಿಳಿದರೆ ಆರು ತಿಂಗಳ ಇಮೇಲ್ ಉಳಿಯುತ್ತದೆ.

ಇಂಟೆಲ್‌ನ ಲೋಯಿಹಿ ಸಂಶೋಧನೆಯ ಚಿಪ್. 2021ರ ಲೋಯಿಹಿ 2ರಲ್ಲಿ ಹತ್ತು ಲಕ್ಷ ನ್ಯೂರಾನ್‌ವರೆಗೆ ಕೂರಿಸಬಹುದು. ಅಂಥ 1,152 ಚಿಪ್ ಸೇರಿಸಿ 2024ರಲ್ಲಿ ಹಾಲಾ ಪಾಯಿಂಟ್ ಎಂಬ ಯಂತ್ರವನ್ನು ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯಕ್ಕೆ ಕೊಟ್ಟರು. ಅವರ ಸಂಶೋಧನಾ ಸಮುದಾಯಕ್ಕೆ ಸೇರಿದರೆ ಚಿಪ್ ಬಳಸಿ ಪ್ರಯೋಗ ಮಾಡಬಹುದು, ಲಾವಾ ತಂತ್ರಾಂಶ ಮುಕ್ತವಾಗಿ ಸಿಗುತ್ತದೆ. ಆದರೆ ನಿಮ್ಮ ಡಬ್ಬಿಯೊಳಗೆ ಹಾಕಿ ಮಾರಲು ಲೋಯಿಹಿ ಸಿಗುವುದಿಲ್ಲ. ಪ್ರಬಂಧ ಬರೆಯುವವರಿಗೆ ಒಳ್ಳೆಯದು, ಸರಕು ಮಾರುವವರಿಗೆ ಅಲ್ಲ. ಐಬಿಎಂ ಟ್ರೂನಾರ್ತ್, ನಾರ್ತ್‌ಪೋಲ್‌ಗಳದೂ ಇದೇ ಕಥೆ.

ಬ್ರೈನ್‌ಚಿಪ್‌ನ ನ್ಯೂರೋಮಾರ್ಫಿಕ್ ಪ್ರೊಸೆಸರ್ ಅಕಿಡ ಎರಡು ರೂಪದಲ್ಲಿದೆ. ಎಕೆಡಿ1000 ಚಿಪ್ ಇರುವ ಬೋರ್ಡ್ ಕೊಳ್ಳಬಹುದು. ಆದರೆ ಕಂಪನಿಯ ದೊಡ್ಡ ಒಪ್ಪಂದಗಳು ಐಪಿ (ವಿನ್ಯಾಸದ ಹಕ್ಕು) ಲೈಸೆನ್ಸಿನವು: 2020ರಲ್ಲಿ ರೆನೆಸಾಸ್, ಆಮೇಲೆ ಮೆಗಾಚಿಪ್ಸ್. ಐಪಿ ತೆಗೆದುಕೊಂಡವರು ಅದನ್ನು ತಮ್ಮ ಚಿಪ್ಪಿನ ವಿನ್ಯಾಸದೊಳಗೆ ಸೇರಿಸಿ, ಫ್ಯಾಬಿಗೆ (ಚಿಪ್ ಕಾರ್ಖಾನೆಗೆ) ಕಳಿಸಿ, ಪರೀಕ್ಷಿಸಿ ಮಾರಬೇಕು. ಚಿಪ್ಪಿನ ಅಚ್ಚುಗಳಂತಿರುವ ಮಾಸ್ಕ್ ಸೆಟ್ಟಿನ ಖರ್ಚೊಂದೇ ಆರು ಜನರ ಕಂಪನಿಯನ್ನು ಮುಳುಗಿಸಲು ಸಾಕು. ವರ್ಷಕ್ಕೆ ಲಕ್ಷಗಟ್ಟಲೆ ಉಪಕರಣ ಮಾರುವ ಖಾತ್ರಿ ಇಲ್ಲದೆ ಆ ಬಾಗಿಲು ತಟ್ಟಬೇಡಿ.

ಸೆನ್ಸರ್ ಕಡೆ ನೋಡಿ ಕಲಿಯಬೇಕಾದ ಒಪ್ಪಂದ ಸೋನಿ–ಪ್ರೊಫೆಸೀಯದು. 2008ರಲ್ಲಿ ಜ್ಯೂರಿಕ್‌ನ ತಂಡ ಪ್ರಕಟಿಸಿದ ಡಿವಿಎಸ್128 ಸೆನ್ಸರಿನ ಪಿಕ್ಸೆಲ್ 40 ಮೈಕ್ರಾನ್ ಅಗಲ, 350 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಮಾಡಿದ್ದು. ಪ್ರತಿ ಪಿಕ್ಸೆಲಿನೊಳಗೆ ಲಾಗರಿದಮಿಕ್ ಆಂಪ್ಲಿಫೈಯರ್, ಹಿಂದಿನ ಬೆಳಕಿನ ಮಟ್ಟ ನೆನಪಿಡುವ ಕೆಪ್ಯಾಸಿಟರ್, ಎರಡು ಕಂಪ್ಯಾರೇಟರ್ ಇರಬೇಕು. ಬೆಳಕು ಹಿಡಿಯಲು ಉಳಿಯುವ ಜಾಗ ಹತ್ತರಲ್ಲೊಂದು ಪಾಲಿಗೂ ಕಡಿಮೆ. 180 ನ್ಯಾನೋಮೀಟರಿಗೆ ಬಂದ ಡೇವಿಸ್ ಸೆನ್ಸರಿನಲ್ಲೂ 18.5 ಮೈಕ್ರಾನ್. ಸರ್ಕ್ಯೂಟನ್ನು ಎಷ್ಟು ಕುಗ್ಗಿಸಿದರೂ ಒಂದೇ ಪದರದಲ್ಲಿ 5 ಮೈಕ್ರಾನಿನ ಸಮೀಪಕ್ಕೆ ಇಳಿಯುವುದು ಕಷ್ಟವಿತ್ತು. ಪ್ರೊಫೆಸೀ ಬಳಿ ಪಿಕ್ಸೆಲಿನ ಸರ್ಕ್ಯೂಟ್ ಇತ್ತು. ಸೋನಿಯ ಬಳಿ ಬೆಳಕು ಹಿಡಿಯುವ ವೇಫರನ್ನೂ ಲೆಕ್ಕ ಮಾಡುವ ವೇಫರನ್ನೂ ಒಂದರ ಮೇಲೊಂದು ಇಟ್ಟು ಪಿಕ್ಸೆಲಿಗೊಂದರಂತೆ ತಾಮ್ರದಿಂದ ಬೆಸೆಯುವ ಕೌಶಲವಿತ್ತು. ಎರಡೂ ಸೇರಿ 2020ರಲ್ಲಿ 4.86 ಮೈಕ್ರಾನ್ ಪಿಕ್ಸೆಲ್ ಪ್ರಕಟವಾಯಿತು, 2021ರಲ್ಲಿ ಐಎಂಎಕ್ಸ್636 ಎಂಬ 1280×720ರ ಸರಕಾಯಿತು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇತ್ತು, ಇಬ್ಬರ ನಡುವಿನ ಗಡಿ ಪಿಕ್ಸೆಲಿನೊಳಗೇ ಹಾದುಹೋಗಿತ್ತು. ಹಾಗಿರುವಾಗಲೇ ಜಂಟಿ ಅಭಿವೃದ್ಧಿಗೆ ಅರ್ಥವಿರುವುದು.

ಗಡಿ ಎರಡು ಚಿಪ್ಪುಗಳ ನಡುವಿನ ತಂತಿಯಲ್ಲಿದ್ದರೆ ಕಥೆ ಬೇರೆ. ಸೆನ್ಸರ್ ಒಬ್ಬರದು, ನ್ಯೂರೋಮಾರ್ಫಿಕ್ ಪ್ರೊಸೆಸರ್ ಇನ್ನೊಬ್ಬರದು, ಮಧ್ಯೆ ಇವೆಂಟ್ ರೂಪವನ್ನು ಬದಲಿಸಲು ಒಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಮರುಜೋಡಿಸಬಹುದಾದ ಚಿಪ್). ಉಳಿಸಿದ ವಿದ್ಯುತ್ತೆಲ್ಲ ಆ ಎಫ್‌ಪಿಜಿಎ ಪಾಲು. ಸಿನ್‌ಸೆನ್ಸ್ ಈ ತಂತಿಯನ್ನೇ ತೆಗೆದುಹಾಕಿತು: ಅವರ ಸ್ಪೆಕ್ ಚಿಪ್ಪಿನಲ್ಲಿ 128×128ರ ಇವೆಂಟ್ ಸೆನ್ಸರೂ ಸ್ಪೈಕಿಂಗ್ (ನ್ಯೂರೋಮಾರ್ಫಿಕ್) ಪ್ರೊಸೆಸರೂ ಒಟ್ಟಿಗಿವೆ. 2024ರಲ್ಲಿ ಅವರು ಡಿವಿಎಸ್ ವಂಶದ ಇನಿವೇಷನ್ ಕಂಪನಿಯನ್ನೇ ಕೊಂಡರು. ನೀವು ನಿಜಕ್ಕೂ ನ್ಯೂರೋಮಾರ್ಫಿಕ್ ಪ್ರಯೋಗ ಮಾಡಬೇಕೆಂದರೆ ನನ್ನ ಸಲಹೆ ಇಂಥ ಒಂದೇ ಚಿಪ್ಪಿನ ದಾರಿ. 128×128ರಲ್ಲಿ ದೂರದ ಹಂದಿ ನಾಲ್ಕಾರು ಪಿಕ್ಸೆಲ್ ಆಗುತ್ತದೆಂಬುದು ನೆನಪಿರಲಿ.

ತಂತ್ರಾಂಶದ ಬಂಧನ ಇದಕ್ಕಿಂತ ಬಿಗಿ. ಅಕಿಡಕ್ಕೆ ಮೆಟಾಟಿಎಫ್, ಸ್ಪೆಕ್‌ಗೆ ಸಿನಾಬ್ಸ್, ಲೋಯಿಹಿಗೆ ಲಾವಾ. ಮೊದಲ ಪೀಳಿಗೆಯ ಅಕಿಡದಲ್ಲಿ ಮಾದರಿಯ ತೂಕಗಳು (ಅದು ಕಲಿತ ಅಂಕಿಗಳು) 4 ಬಿಟ್‌ಗೆ ಇಳಿಯಬೇಕು. ಒಂದಕ್ಕೆ ಹದ ಮಾಡಿದ ಮಾದರಿ ಇನ್ನೊಂದಕ್ಕೆ ಹೋಗದು. ಮೂಲ ಚಿತ್ರಗಳು, ಲೇಬಲ್‌ಗಳು, ಕುಗ್ಗಿಸುವ ಮುಂಚಿನ ಫ್ಲೋಟ್ ಮಾದರಿ ನಿಮ್ಮ ಬಳಿಯೇ ಇರಲಿ.

ಕಂಪನಿ ಬಾಳುವುದೇ ಎಂಬ ಪ್ರಶ್ನೆಯೂ ಇದೆ. ಪ್ರೊಫೆಸೀಯೇ 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ನ್ಯಾಯಾಲಯದ ಮೇಲ್ವಿಚಾರಣೆಯಡಿ ಪುನರ್‌ರಚನೆಗೆ ಹೋಗಬೇಕಾಯಿತು. ತಂತ್ರಜ್ಞಾನ ಕೆಟ್ಟದ್ದೆಂದಲ್ಲ; ಈ ಕ್ಷೇತ್ರದಲ್ಲಿ ಹಣ ಬರುವ ವೇಗಕ್ಕಿಂತ ಖರ್ಚಾಗುವ ವೇಗ ಹೆಚ್ಚು. ಹಾಗಾಗಿ ಖರೀದಿ ಒಪ್ಪಂದದಲ್ಲಿ ಎರಡು ಸಾಲು ಇರಲೇಬೇಕು: ತಯಾರಿಕೆ ನಿಲ್ಲಿಸುವ ಮುನ್ನ ಕೊನೆಯ ಖರೀದಿಗೆ ಕನಿಷ್ಠ ಹನ್ನೆರಡು ತಿಂಗಳ ನೋಟಿಸ್, ಕಂಪನಿ ಮುಚ್ಚಿದರೆ ಡ್ರೈವರ್ ಮತ್ತು ಮಾದರಿ ಪರಿವರ್ತಕದ ಮೂಲ ಕೋಡ್ ಎಸ್ಕ್ರೋದಿಂದ (ಮೂರನೆಯವರ ಬಳಿ ಇಟ್ಟ ಠೇವಣಿಯಿಂದ) ನಿಮಗೆ ಸಿಗುವ ಹಕ್ಕು. ಸಣ್ಣ ಗ್ರಾಹಕರಿಗೆ ಎರಡನೆಯದನ್ನು ಕೊಡಲು ಹಿಂದೇಟು ಹಾಕುತ್ತಾರೆ. ಮೊದಲನೆಯದರಲ್ಲಿ ಮಾತ್ರ ಸೋಲಬೇಡಿ.

ಐಐಎಸ್‌ಸಿ ನಿಮ್ಮ ಮನೆಬಾಗಿಲಲ್ಲೇ ಇದೆ. ಅಲ್ಲಿನ ಎಲೆಕ್ಟ್ರಾನಿಕ್ ಸಿಸ್ಟಮ್ಸ್ ವಿಭಾಗದ ಚೇತನ್ ಸಿಂಗ್ ಠಾಕೂರ್ ಅವರ ಪ್ರಯೋಗಾಲಯ 2022ರಲ್ಲಿ ಆರ್ಯಭಟ-1 ಎಂಬ ಅನಲಾಗ್ ಎಐ ಚಿಪ್ಪಿನ ಮಾದರಿ ತೋರಿಸಿತು. ನ್ಯಾನೋ ವಿಜ್ಞಾನ ಕೇಂದ್ರದ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ 16,500 ಸ್ಥಿತಿಗಳನ್ನು ಹಿಡಿದಿಡುವ ಅಣು ಪದರದ ಮೆಮ್ರಿಸ್ಟರ್ (ನೆನಪಿಡುವ ರೆಸಿಸ್ಟರ್) ಬಗ್ಗೆ ನೇಚರ್‌ನಲ್ಲಿ ಬರೆಯಿತು. ಎರಡೂ ದೊಡ್ಡ ಕೆಲಸ, ಎರಡೂ ಮುಂದಿನ ವರ್ಷ ನಿಮ್ಮ ಬೋರ್ಡಿಗೆ ಬೆಸುಗೆ ಹಾಕುವ ಬಿಡಿಭಾಗ ಅಲ್ಲ. ಇಂಥ ಗುಂಪುಗಳ ಬಳಿ ‘ಚಿಪ್ ಕೊಡಿ’ ಎಂದು ಹೋಗಬೇಡಿ. ‘ಎಲೆಯ ಗದ್ದಲ ಸೋಸುವ ಫಿಲ್ಟರನ್ನು ಎಫ್‌ಪಿಜಿಎ ಮೇಲೆ ಇಷ್ಟು ಮೈಕ್ರೋವ್ಯಾಟಿನಲ್ಲಿ ಮಾಡಬಹುದೇ’ ಎಂಬ ಒಂದೇ ಬಿಗಿಯಾದ ಪ್ರಶ್ನೆಯೊಡನೆ, ಪ್ರಾಯೋಜಿತ ಸಂಶೋಧನೆಯ ರೂಪದಲ್ಲಿ ಹೋಗಿ. ಒಪ್ಪಂದಕ್ಕೆ ಮುಂಚಿನ ಐಪಿ ಯಾರದು, ಅದರಿಂದ ಹುಟ್ಟಿದ್ದು ಯಾರದು, ನಿಮ್ಮ ಬಳಕೆಯ ಕ್ಷೇತ್ರಕ್ಕೆ ಪ್ರತ್ಯೇಕ ಹಕ್ಕು ಎಷ್ಟು ವರ್ಷ, ಇದನ್ನು ಮೊದಲೇ ಬರೆಸಿ. ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋದ ಮೇಲೆ ಕೋಡ್ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ.

ಕೇಂದ್ರ ಸರ್ಕಾರದ ಡಿಎಲ್‌ಐ (ಚಿಪ್ ವಿನ್ಯಾಸಕ್ಕೆ ಪ್ರೋತ್ಸಾಹಧನ) ಯೋಜನೆ ಅರ್ಹ ವಿನ್ಯಾಸ ಖರ್ಚಿನ ಅರ್ಧ ಭಾಗವನ್ನು, ಒಂದು ಅರ್ಜಿಗೆ 15 ಕೋಟಿ ರೂಪಾಯಿ ಮಿತಿಯೊಳಗೆ, ಮರಳಿಸುವಂತೆ 2021ರ ಕೊನೆಗೆ ಶುರುವಾಯಿತು. ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರದ ಮೂಲಕ ವಿನ್ಯಾಸ ತಂತ್ರಾಂಶವೂ ಸಿಗುತ್ತದೆ. ಇವು ಚಿಪ್ ವಿನ್ಯಾಸ ಮಾಡುವವರಿಗಾಗಿ ಇರುವ ನೆರವು. ಕೊಂಡ ಚಿಪ್ಪನ್ನು ಬೋರ್ಡಿಗೆ ಕೂರಿಸುವ ಕೆಲಸಕ್ಕೆ ಇದನ್ನು ನಂಬಿ ಬಜೆಟ್ ಹಾಕಬೇಡಿ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಎಸ್‌ಸಿಎಲ್‌ನ 180 ನ್ಯಾನೋಮೀಟರ್‌ನಲ್ಲಿ ಅನಲಾಗ್ ಪ್ರಯೋಗ ಮಾಡಬಹುದಾದರೂ, ಒಳ್ಳೆಯ ಇಮೇಜ್ ಸೆನ್ಸರಿಗೆ ಬೇಕಾದ ವಿಶೇಷ ಫೋಟೋಡಯೋಡ್, ಮೈಕ್ರೋಲೆನ್ಸ್‌ಗಳ ಹದ ಸಾಮಾನ್ಯ ಸಿಮಾಸ್ ಚಿಪ್ ತಯಾರಿಕೆಗಿಂತ ಬೇರೆಯೇ.

ನಿಮಗೆ ಇವೆಂಟ್ ಸೆನ್ಸರ್ ನಿಜಕ್ಕೂ ಹೊಂದುವ ಜಾಗ ತೋಟದಲ್ಲಲ್ಲ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಕ್ಕೀತು. ಬೀಜ ಅರ್ಧ ಮೀಟರ್ ಬಿದ್ದಾಗ ಅದರ ವೇಗ ಸೆಕೆಂಡಿಗೆ 3 ಮೀಟರ್ ದಾಟುತ್ತದೆ. 30 ಫ್ರೇಮಿನ ಕ್ಯಾಮೆರಾದಲ್ಲಿ ಎರಡು ಫ್ರೇಮಿನ ನಡುವೆ ಅದು ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ಇವೆಂಟ್ ಸೆನ್ಸರ್ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಅದರ ಅಂಚು ಹಿಡಿಯುತ್ತದೆ. ಹಿನ್ನೆಲೆ ಸ್ಥಿರ, ದೀಪ ನಿಮ್ಮ ಹತೋಟಿಯಲ್ಲಿ, ಎಲೆ ಇಲ್ಲ. ಎಣಿಸುವ, ಗಾತ್ರ ಅಳೆಯುವ ಕೆಲಸ. ಬಣ್ಣ ನೋಡಿ ವಿಂಗಡಿಸಲು ಮಾತ್ರ ಬೇರೆ ಕ್ಯಾಮೆರಾ ಬೇಕು, ಇದಕ್ಕೆ ಬಣ್ಣ ತಿಳಿಯದು.

ಯಾವ ಕಂಪನಿಗೇ ಬರೆಯಿರಿ, ಮೊದಲ ಪತ್ರದಲ್ಲಿ ಕನಸಿನ ಬದಲು ಅಳತೆ ಇರಲಿ. ವಿದ್ಯುತ್ ಬಳಕೆ ಅಳೆಯುವ ಪಿಪಿಕೆ2ನಂಥ ಪವರ್ ಪ್ರೊಫೈಲರನ್ನು ಬ್ಯಾಟರಿ ತಂತಿಯಲ್ಲಿ ಹಾಕಿ, ಸೆನ್ಸರಿನ ಕಾಲಿನಲ್ಲಿ ಅಲ್ಲ. ಖಾಲಿ ದೃಶ್ಯ, ಸಾಮಾನ್ಯ ದಿನ, ಗಾಳಿ ಮಳೆಯ ದಿನ, ಈ ಮೂರರಲ್ಲೂ ಸರಾಸರಿ ಮಿಲಿವ್ಯಾಟ್, ದಿನಕ್ಕೆ ಎಷ್ಟು ಸುಳ್ಳು ಎಚ್ಚರಿಕೆ, ಎಷ್ಟು ಪ್ರಾಣಿ ತಪ್ಪಿಹೋದವು ಎಂದು ಬರೆದಿಡಿ. ದೊಡ್ಡ ಕಂಪನಿಗಳಿಗೆ ಚಿಪ್ ಇದೆ, ಪಶ್ಚಿಮ ಘಟ್ಟದ ರಾತ್ರಿಯ ಚಿತ್ರ ಇಲ್ಲ. ‘ಮಾದರಿ ಉಚಿತವಾಗಿ ತರಬೇತಿ ಮಾಡಿಕೊಡುತ್ತೇವೆ, ಡೇಟಾ ಕಳಿಸಿ’ ಎಂದು ಯಾರಾದರೂ ಕೇಳಿದರೆ, ಬಳಕೆ ಈ ಯೋಜನೆಗೆ ಮಾತ್ರ, ಮುಗಿದ ಮೇಲೆ ಅಳಿಸಬೇಕು ಎಂದು ಬರೆಸದೆ ಒಂದು ಫೋಲ್ಡರೂ ಕೊಡಬೇಡಿ. ಅದರಲ್ಲಿ ತೋಟದ ಕೆಲಸಗಾರರ ಮುಖ ಇದ್ದರೆ 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯಿದೆಯೂ ಅಡ್ಡ ಬರುತ್ತದೆ. ಮುಖ ಮಸುಕು ಮಾಡಿಯೇ ಹೊರಗೆ ಕಳಿಸಿ.

ಒಪ್ಪಂದದ ಸ್ವೀಕಾರ ಪರೀಕ್ಷೆ ಜೂನ್–ಜುಲೈನಲ್ಲಿ ತೋಟದಲ್ಲೇ ನಡೆಯಬೇಕು, ಬ್ಯಾಟರಿ ತಂತಿಯಲ್ಲಿ ಅಳೆದ ಹದಿನಾಲ್ಕು ದಿನದ ಸರಾಸರಿಯನ್ನೇ ಇಬ್ಬರೂ ಒಪ್ಪಬೇಕು ಎಂದು ಬರೆಸಿ. ಇದಕ್ಕೆ ಒಪ್ಪದೆ ಡೇಟಾಶೀಟಿನ ಅಂಕಿಯನ್ನೇ ಹಿಡಿದು ಕೂರುವವರಿಗೆ ಮುಂಗಡ ಕೊಡಬೇಡಿ.